ಸೇರಿಸಿ ಬರೆದ ಮೂರು ವರ್ಷ

ಮೇಷ್ಟ್ರ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಗಲಾಟೆ ಮಾಡುವ ತರಗತಿಯನ್ನು ಹೇಗೆ ಹಿಡಿಯುವುದು, ಭಿನ್ನರಾಶಿಯನ್ನು ಹೇಗೆ ಬಿಡಿಸಿ ಹೇಳುವುದು ಎಂದು ಕೇಳುತ್ತಾರೆ. ತಿಳಿದದ್ದನ್ನು ಹೇಳುತ್ತೇನೆ. ಆದರೆ ನನ್ನ ನೌಕರಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿರುವುದನ್ನು ಮಾತ್ರ ಅವರಿಗೆ ಬಾಯಿಂದ ಹೇಳಲು ಆಗಿಲ್ಲ. ಹೇಳಲು ಹೊರಟು ಎರಡು ಸಲ ನಡುವೆಯೇ ನಿಲ್ಲಿಸಿದ್ದೇನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮೂರು ಅರಸೀಕೆರೆ. ಅಪ್ಪನಿಗೆ ಕೊಬ್ಬರಿ ಮಂಡಿ ಇತ್ತು. ನನಗೆ ಮಂಡಿಯ ವ್ಯವಹಾರ ಒಗ್ಗಲಿಲ್ಲ. ಓದಿ, ತರಬೇತಿ ಮುಗಿಸಿ, ಹಳೇಬೀಡಿನ ಶಾಲೆಯಲ್ಲಿ ಹಂಗಾಮಿ ಮೇಷ್ಟ್ರಾದೆ. ಮಾದಿಹಳ್ಳಿಯ ಗೌರಳನ್ನು ಮದುವೆಯಾದದ್ದೂ ಆಗಲೇ. ಹಳೇಬೀಡಿನಲ್ಲಿ ಶಾಲೆ ಶುರುವಾಗುತ್ತಿದ್ದುದು ಹತ್ತೂವರೆಗೆ. ಮಕ್ಕಳು ದನ ಬಿಟ್ಟು ಬಂದು, ಮುದ್ದೆ ಉಂಡು, ಕೆರೆಯಲ್ಲಿ ಕೈಕಾಲು ತೊಳೆದುಕೊಂಡು ಬರುವಷ್ಟು ಹೊತ್ತು ಇರುತ್ತಿತ್ತು. ನಾನೂ ನಿಧಾನವಾಗಿ ಎದ್ದು, ಲಿಂಗಪೂಜೆ ಮಾಡಿ, ಉಂಡು ಹೊರಡುತ್ತಿದ್ದೆ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಸಂಜೆಯೆಲ್ಲ ನಮ್ಮದೇ. ಮೇಷ್ಟ್ರ ಬದುಕು ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ಮೂರು ವರ್ಷಕ್ಕೆ ಆ ಹಂಗಾಮಿ ಹುದ್ದೆ ಮುಗಿಯಿತು. ಬೇಲೂರಿನ ಕಚೇರಿಗೆ ನಾಲ್ಕಾರು ಸಲ ಅಲೆದೆ; ಖಾಲಿ ಇಲ್ಲ ಎಂದರು. ಅಷ್ಟರಲ್ಲಿ ರಾಜು ಎಂಬ ನನ್ನ ಹಳೆಯ ಗೆಳೆಯ ಮಲಯಾ ದೇಶದಿಂದ ಕಾಗದ ಬರೆದ. ಅರಸೀಕೆರೆಯ ರೈಲ್ವೆ ವಸತಿಯಲ್ಲಿ ಬೆಳೆದ ತಮಿಳರ ಹುಡುಗ ಅವನು. ಅವನ ಜೊತೆ ಆಡಿ ಆಡಿಯೇ ನನಗೆ ತಮಿಳು ಬಂದಿತ್ತು; ಅವನ ಅಣ್ಣ ಓದು ಬರಹವನ್ನೂ ಕಲಿಸಿದ್ದ. ಅಲ್ಲಿನ ರಬ್ಬರ್ ತೋಟಗಳಲ್ಲಿ ಕೆಲಸ ಮಾಡುವವರೆಲ್ಲ ತಮಿಳರು, ಅವರ ಮಕ್ಕಳ ಶಾಲೆಗೆ ಮೇಷ್ಟ್ರು ಬೇಕು, ಮೂರು ವರ್ಷದ ಕರಾರು ಎಂದು ಬರೆದಿದ್ದ.

ಅಪ್ಪ ಕೇಳಿ ಸಿಟ್ಟಾದರು. "ಮಂಡೀಲಿ ಕೂತ್ಕೊ ಅಂದ್ರೆ ಆಗಲ್ಲ. ಕಡಲು ದಾಟಿ ಯಾರ ಮಕ್ಕಳಿಗೋ ಪಾಠ ಹೇಳೋಕೆ ಆಗ್ತದಾ ನಿಂಗೆ?"

ಗೌರ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಅಲ್ಲಿಗೆ ಕಾಗ್ದ ಹಾಕಿದ್ರೆ ಎಷ್ಟು ದಿನಕ್ಕೆ ಸಿಗ್ತದೆ?"

"ಮೂರು ವಾರ ಅಂತೆ."

"ಹಂಗಾದ್ರೆ ಹೋಗ್ಬನ್ನಿ. ಮೂರು ವಾರ ತಾನೆ."

ತೋಟದ ಮೇಷ್ಟ್ರಿಗೆ ಕೊಡುವ ಮನೆಯಲ್ಲಿ ಒಬ್ಬರಿಗಷ್ಟೇ ಜಾಗವಂತೆ. ಅದರಿಂದ ಗೌರ ಅರಸೀಕೆರೆಯಲ್ಲಿ ನಮ್ಮಪ್ಪ ಅಮ್ಮನ ಜೊತೆ ಉಳಿದಳು. ನಾನು ಮದ್ರಾಸಿಗೆ ಹೋಗಿ ಹಡಗು ಹತ್ತಿದೆ.

ತೋಟಕ್ಕೆ ಹೋಗಿ ಇಳಿದ ಮಾರನೆಯ ದಿನ ಬೆಳಿಗ್ಗೆ ನಾಲ್ಕೂವರೆಗೆ ಯಾರೋ ತಗಡು ಬಡಿದು ಎಬ್ಬಿಸಿದರು. ಬೆಂಕಿ ಬಿದ್ದಿದೆಯೇನೋ ಎಂದು ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಓಡಿದೆ. ಬೆಂಕಿಯಲ್ಲ, ಹಾಜರಿ. ರಬ್ಬರ್ ಮರದ ತೊಗಟೆಯನ್ನು ಬಿಸಿಲೇರುವ ಮೊದಲೇ ಕೊಯ್ಯಬೇಕು. ಬಿಸಿಲು ಬಂದರೆ ಹಾಲು ಇಳಿಯುವುದು ನಿಂತುಹೋಗುತ್ತದೆ. ಹೀಗಾಗಿ ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಕತ್ತಲಲ್ಲೇ ಎದ್ದು ಕಚೇರಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಹೆಸರು ಕೂಗುವ ಕೆಲಸ ತೋಟದ ಗುಮಾಸ್ತನದು. ಅವನಿಗೆ ಲಾಂದ್ರ ಹಿಡಿದು ನೆರವಾಗುವುದು ಮೇಷ್ಟ್ರದು. ಕರಾರಿನಲ್ಲಿ ಇದಿರಲಿಲ್ಲ. ಕೇಳಿದಾಗ ಗುಮಾಸ್ತ, "ಹಿಂದಿನ ಮಾಸ್ಟರ್ ಮಾಡುತ್ತಿದ್ದರಲ್ಲ" ಎಂದ. ಅಲ್ಲಿ ಮಾತೆಲ್ಲ ತಮಿಳಿನಲ್ಲೇ. ನನ್ನ ಕನ್ನಡಕ್ಕೆ ತಂದುಕೊಂಡು ಬರೆಯುತ್ತಿದ್ದೇನೆ.

ಹಾಜರಿ ಮುಗಿದರೆ ಏಳೂವರೆಯಿಂದ ಚಿಕ್ಕವರಿಗೆ ಪಾಠ. ಹನ್ನೊಂದಕ್ಕೆ ಊಟ. ಬೆಳಗಿನ ಕೆಲಸ ಮುಗಿಸಿ ಬಂದ ದೊಡ್ಡ ಮಕ್ಕಳಿಗೆ ಒಂದೂವರೆಯಿಂದ ನಾಲ್ಕರವರೆಗೆ ಪಾಠ. ನನ್ನ ಮೈ ಒಂದು ವರ್ಷ ಇದಕ್ಕೆ ಒಪ್ಪಲೇ ಇಲ್ಲ. ಹನ್ನೊಂದಕ್ಕೆ ಹಸಿವಿಲ್ಲ, ಮೂರಕ್ಕೆ ಹಸಿವು ತಡೆಯುವುದಿಲ್ಲ. ಪೂಜೆಗೆ ಕೂತರೆ ತೂಕಡಿಕೆ. ಮಧ್ಯಾಹ್ನ ತಲೆನೋವು ಬಂದು ಬೋರ್ಡಿನ ಮೇಲಿನ ಅಂಕಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಗೌರಳಿಗೆ ಬರೆದ ಕಾಗದಗಳಲ್ಲೆಲ್ಲ ನಿದ್ದೆಯದೇ ಮಾತು. 'ಭಾನುವಾರ ಆದರೂ ಮಲಗಿ' ಎಂದು ಅವಳು ಬರೆದದ್ದು ಒಂದೂವರೆ ತಿಂಗಳಾದ ಮೇಲೆ ಬರುತ್ತಿತ್ತು.

ನನ್ನ ನಿದ್ದೆಯ ಚಿಂತೆಯಲ್ಲಿ ಮಕ್ಕಳ ನಿದ್ದೆ ನನಗೆ ಕಾಣಲಿಲ್ಲ. ಮಧ್ಯಾಹ್ನದ ತರಗತಿಯಲ್ಲಿ ಸೆಲ್ಲಮ್ಮ ಎಂಬ ಒಂಬತ್ತು ವರ್ಷದ ಹುಡುಗಿ ಸ್ಲೇಟಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಎರಡು ದಿನ ಗದರಿಸಿದೆ. ಮೂರನೆಯ ದಿನ ರೂಲುದೊಣ್ಣೆಯಿಂದ ಕೈ ಮೇಲೆ ಬಲವಾಗಿ ಹೊಡೆದೆ. ಅವಳು ಅಳಲಿಲ್ಲ. ಧಡಕ್ಕನೆ ಎದ್ದು ನೆಟ್ಟಗೆ ನಿಂತು, ಕಣ್ಣು ಇನ್ನೂ ಮುಚ್ಚಿಕೊಂಡೇ, "ಬಂದಿದ್ದೇನೆ ಅಯ್ಯಾ!" ಎಂದು ಗಟ್ಟಿಯಾಗಿ ಕೂಗಿದಳು. ಹಾಜರಿಯಲ್ಲಿ ಹೆಸರು ಕೂಗಿದರೆಂದು ತಿಳಿದಿದ್ದಳು.

ಯಾವ ಮಗುವೂ ನಗಲಿಲ್ಲ. ಹಿಂದಿನ ಸಾಲಿನಿಂದ ಮುನಿಯಾಂಡಿ ಎಂಬ ಉದ್ದನೆಯ ಹುಡುಗ ಎದ್ದು ನಿಂತ. "ಮಾಸ್ಟರ್, ಅವಳು ತಮ್ಮನನ್ನು ಎತ್ತಿಕೊಂಡು ಬೆಳಗಿನಿಂದ ಅಮ್ಮನ ಹಿಂದೆ ಮರದಿಂದ ಮರಕ್ಕೆ ಹೋಗುತ್ತಾಳೆ. ಹಾಲಿನ ಬಟ್ಟಲು ತೊಳೆಯುವುದೂ ಅವಳೇ" ಎಂದ.

ಮಾರನೆಯ ದಿನ ಹಾಜರಿ ಮುಗಿಸಿ ನಾನೂ ಅವರ ಹಿಂದೆ ತೋಟದೊಳಗೆ ಹೋದೆ. ಸೊಳ್ಳೆ, ಜಿಗಣೆ, ಕತ್ತಲು. ನಾನು ಐವತ್ತು ಮರದ ತನಕ ನಡೆದು ಸುಸ್ತಾಗಿ ಕೂತೆ. ಆ ಹುಡುಗಿ ಮುನ್ನೂರು ಮರ ನಡೆಯುತ್ತಿದ್ದಳು. ಹಿಂದಿನ ದಿನ ನಾನು ಹೊಡೆದ ಕೈಯಲ್ಲೇ ಮಗುವನ್ನು ಹಿಡಿದುಕೊಂಡಿದ್ದಳು.

ಅಂದಿನಿಂದ ಮಧ್ಯಾಹ್ನದ ಪಾಠದ ಮೊದಲ ಮುಕ್ಕಾಲು ಗಂಟೆ ನಿದ್ದೆಗೆಂದು ಇಟ್ಟೆ. ಬಾಗಿಲು ಮುಂದೆ ಮಾಡಿ, ಎಲ್ಲರೂ ಚಾಪೆಯ ಮೇಲೆ ಮಲಗುವುದು. ನಾನು ಎಚ್ಚರವಿದ್ದು ಕಾಯಬೇಕೆಂಬುದು ಲೆಕ್ಕ. ಒಂದು ದಿನ ತೋಟದ ಇಂಗ್ಲಿಷ್ ದೊರೆ ಶಾಲೆಗಳ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಹೇಳದೆ ಕೇಳದೆ ಬಂದ. ಬಾಗಿಲು ತೆಗೆದರೆ ಮೂವತ್ತು ಮಕ್ಕಳು ನಿದ್ದೆಯಲ್ಲಿ. ಕುರ್ಚಿಯಲ್ಲಿ ನಾನೂ ಬಾಯಿ ತೆರೆದುಕೊಂಡು ನಿದ್ದೆಯಲ್ಲಿ. ದೊರೆಯ ಮುಖ ಕೆಂಪಾಯಿತು. ನಾನು ತಡವರಿಸುತ್ತ, "ಇವರನ್ನು ಎಬ್ಬಿಸಿ ಲೆಕ್ಕ ಕೇಳಿ ನೋಡಿ ಸಾರ್" ಎಂದೆ. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆಲ್ಲ ಮುನಿಯಾಂಡಿ ಬೋರ್ಡಿನ ಹತ್ತಿರ ನಿಂತು ಉತ್ತರ ಬರೆದ. ಬಡ್ಡಿ ಲೆಕ್ಕವನ್ನು ಬಾಯಲ್ಲೇ ಹೇಳಿದ. ಇನ್‌ಸ್ಪೆಕ್ಟರ್ ಹೋಗುವಾಗ, "ಮಕ್ಕಳು ಮಲಗಲಿ. ನೀವು ಮಲಗಬೇಡಿ" ಎಂದಷ್ಟೇ ಹೇಳಿದ.

ಮುನಿಯಾಂಡಿಯಂತಹ ತಲೆ ನಾನು ಆಮೇಲೂ ನಾಲ್ಕೈದು ಕಂಡಿದ್ದೇನೆ, ಹೆಚ್ಚಿಲ್ಲ. ಹದಿಮೂರು ವರ್ಷಕ್ಕೇ ನನ್ನ ಭುಜ ಮೀರಿ ಬೆಳೆದಿದ್ದ. ಅಪ್ಪ ಇರಲಿಲ್ಲ. ಅವನಮ್ಮ ಅಂಗಮ್ಮನಿಗೆ ಎದೆಯ ಕಾಯಿಲೆ. ನಾಲ್ಕೂವರೆಯ ಇಬ್ಬನಿಯಲ್ಲಿ ನಿಂತರೆ ಕೆಮ್ಮಿ ಕೆಮ್ಮಿ ಬಗ್ಗಿಹೋಗುತ್ತಿದ್ದಳು. ಮರ ಕೊಯ್ಯುವುದು ಮಗನೇ ಆದರೂ ಹಾಜರಿಗೆ ಅವಳೇ ನಿಲ್ಲಬೇಕು. ಹದಿನಾರು ತುಂಬದವರ ಹೆಸರಿಗೆ ಮರಗಳ ಸಾಲು ಬರೆದುಕೊಡುತ್ತಿರಲಿಲ್ಲ.

ಒಂದು ಸಂಜೆ ಅಂಗಮ್ಮ ಶಾಲೆಯ ಬಾಗಿಲಿಗೆ ಬಂದಳು. "ಮಾಸ್ಟರ್, ತೋಟದವರು ವಯಸ್ಸು ನೋಡುವುದು ನಿಮ್ಮ ಪುಸ್ತಕದಲ್ಲಿ. ಹದಿಮೂರು ಇರುವುದನ್ನು ಹದಿನಾರು ಮಾಡಿ. ಸಾಲು ಅವನ ಹೆಸರಿಗೆ ಆಗಲಿ. ನಾನು ಸ್ವಲ್ಪ ಬೆಳಗಾದ ಮೇಲೆ ಏಳುತ್ತೇನೆ" ಎಂದಳು.

"ಅವನ ಓದು?"

"ಮಧ್ಯಾಹ್ನ ಬರುತ್ತಾನಲ್ಲ. ನೀವು ಬಿಟ್ಟರೂ ಅವನು ಬಿಡುವುದಿಲ್ಲ."

ಆ ಕೆಮ್ಮನ್ನು ನಾನು ದಿನಾ ಲಾಂದ್ರದ ಬೆಳಕಿನಲ್ಲಿ ನೋಡಿದವನು. ದಾಖಲೆ ಪುಸ್ತಕ ತೆಗೆದು, ಮೂರನ್ನು ಆರು ಮಾಡಿದೆ. ಅಂಕಿಯ ಮೇಲೆ ಅಂಕಿ ತಿದ್ದುವುದು ಸುಲಭವಾಗಿತ್ತು. ಒಳ್ಳೆಯ ಕೆಲಸ ಮಾಡಿದೆನೆಂದು ಆ ದಿನ ನನಗೆ ಸಂತೋಷವೂ ಆಯಿತು. ಅಂಗಮ್ಮ ಚೇತರಿಸಿಕೊಂಡಳು. ಮುನಿಯಾಂಡಿ ಬೆಳಿಗ್ಗೆ ಮರ ಕೊಯ್ದು, ಮಧ್ಯಾಹ್ನ ನನ್ನ ಹತ್ತಿರ ಬೀಜಗಣಿತ ಕಲಿತ.

ಕರಾರಿನ ಮೂರು ವರ್ಷ ಮುಗಿದಿತ್ತು. ಹಳೇಬೀಡಿನಲ್ಲಿ ಕೆಲಸ ಸಿಗುವ ಭರವಸೆಯಿಲ್ಲದೆ ಇನ್ನೊಂದು ಕರಾರಿಗೆ ರುಜು ಹಾಕಿದ್ದೆ. 'ನಿಮ್ಮ ಇಷ್ಟ' ಎಂದು ಗೌರ ಎರಡೇ ಪದ ಬರೆದಿದ್ದಳು. ಅದು ಮುಗಿಯುವುದರೊಳಗೆ ಜಪಾನಿ ಸೈನ್ಯ ಬಂತು. ದೊರೆ ಓಡಿಹೋದ. ಹಡಗು ನಿಂತಿತು, ಕಾಗದ ನಿಂತಿತು.

ಗಡಿಯಾರಗಳನ್ನೆಲ್ಲ ಜಪಾನಿನ ವೇಳೆಗೆ ತಿರುಗಿಸಬೇಕೆಂದು ಅಪ್ಪಣೆಯಾಯಿತು. ಒಂದೂವರೆ ಗಂಟೆ ಮುಂದಕ್ಕೆ. ಸೂರ್ಯ ಮಾತ್ರ ತನ್ನ ಹೊತ್ತಿಗೇ ಬರುತ್ತಿದ್ದ. ನಾಲ್ಕೂವರೆಯ ಹಾಜರಿ ಎಂದರೆ ನಿಜಕ್ಕೆ ಮೂರು ಗಂಟೆ. ಕತ್ತಲಲ್ಲಿ ಮರದ ಗಾಯದ ಗೆರೆ ಕಾಣದೆ ಕೈ ಕೊಯ್ದುಕೊಳ್ಳುವವರು ಹೆಚ್ಚಾದರು. ಅಕ್ಕಿ ಸಿಗದೆ ಮರಗೆಣಸು ತಿನ್ನುತ್ತಿದ್ದೆವು. ಶಾಲೆಯಲ್ಲಿ ಜಪಾನಿ ಭಾಷೆಯ ಹಾಡು ಕಲಿಸಬೇಕೆಂದರು. ರಾತ್ರಿ ನಾನು ಕಲಿತದ್ದನ್ನು ಹಗಲು ಮಕ್ಕಳಿಗೆ ಕಲಿಸುತ್ತಿದ್ದೆ. ನಿದ್ದೆಯ ಮುಕ್ಕಾಲು ಗಂಟೆಯನ್ನು ಮಾತ್ರ ಬಿಡಲಿಲ್ಲ. ಕಲಿಸುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ, ಮಲಗಿಸುವುದಾದರೂ ಆಗುತ್ತಿತ್ತು.

ಹೀಗೆ ಒಂದು ವರ್ಷ ಕಳೆದಿತ್ತು. ಮಲಯಾದ ಉತ್ತರಕ್ಕಿರುವ ಸಯಾಂ ದೇಶದಲ್ಲಿ ರೈಲು ಹಾದಿ ಹಾಕಲು ಆಳು ಬೇಕು, ಹದಿನೆಂಟು ತುಂಬಿದವರ ಪಟ್ಟಿ ಕೊಡಿ, ಮೂರು ತಿಂಗಳಲ್ಲಿ ವಾಪಸು ಎಂದು ಸೈನಿಕರು ಬಂದು ಹೇಳಿದರು. ಗುಮಾಸ್ತ ನನ್ನನ್ನು ಕಚೇರಿಗೆ ಕರೆಸಿದ. ಮೇಜಿನ ಮೇಲೆ ನನ್ನ ಶಾಲೆಯ ದಾಖಲೆ ಪುಸ್ತಕ ಇತ್ತು. ಒಬ್ಬ ಸೈನಿಕ ಪಕ್ಕದಲ್ಲಿ ಕೂತಿದ್ದ. ಗುಮಾಸ್ತ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಬಂದ.

"ಮುನಿಯಾಂಡಿ. ಇದರ ಪ್ರಕಾರ ಈಗ ಹದಿನೆಂಟು ಆಯಿತು. ಸರಿಯಾ ಮಾಸ್ಟರ್?"

ಅವನಿಗೆ ಹದಿನೈದು. ಅದು ನನಗೆ ಗೊತ್ತಿತ್ತು. ಬಹುಶಃ ಗುಮಾಸ್ತನಿಗೂ ಗೊತ್ತಿತ್ತು. ಅದಕ್ಕೇ ಅವನೊಬ್ಬನ ಹೆಸರಿಗೆ ನಿಂತು ಕೇಳಿದ ಎಂದು ಈಗ ತೋರುತ್ತದೆ. ಹಿಂದಿನ ವಾರ ಪಕ್ಕದ ತೋಟದಲ್ಲಿ ಅಕ್ಕಿ ಚೀಟಿ ತಿದ್ದಿದ ಒಬ್ಬನನ್ನು ಮರಕ್ಕೆ ಕಟ್ಟಿ ಹೊಡೆದದ್ದನ್ನು ಎಲ್ಲರೂ ನೋಡಿದ್ದೆವು. ಸುಳ್ಳು ಬರೆದೆನೆಂದರೆ ನನ್ನ ಗತಿಯೂ ಅದೇ.

"ಸರಿ" ಎಂದೆ.

ಮೂರನೆಯ ದಿನ ಲಾರಿ ಬಂತು. ಮುನಿಯಾಂಡಿ ಒಂದು ಚೀಲ, ಒಂದು ಕಂಬಳಿ ಹಿಡಿದು ಶಾಲೆಗೆ ಬಂದ. "ಮಾಸ್ಟರ್, ಮೂರು ತಿಂಗಳಲ್ಲಿ ಬರುತ್ತೇನೆ. ಪುಸ್ತಕ ಎಲ್ಲಿಗೆ ನಿಲ್ಲಿಸಿದ್ದೇವೆ ಎಂದು ಗುರುತು ಇಟ್ಟುಕೊಂಡಿರಿ" ಎಂದ. ಗುರುತು ಇಟ್ಟೆ. ಅವನು ಬರಲಿಲ್ಲ. ಆ ತೋಟದಿಂದ ಹೋದ ನಲವತ್ತಕ್ಕೂ ಹೆಚ್ಚು ಜನರಲ್ಲಿ ತಿರುಗಿ ಬಂದವರು ಏಳು. ಅವರಲ್ಲೊಬ್ಬ, ಮುನಿಯಾಂಡಿ ಎರಡನೇ ಮಳೆಗಾಲದಲ್ಲಿ ವಾಂತಿಭೇದಿಯಿಂದ ಹೋದನೆಂದು ಹೇಳಿದ. ಅಂಗಮ್ಮ ಅದನ್ನು ನಿಂತುಕೊಂಡೇ ಕೇಳಿದಳು. ಮಾರನೆಯ ದಿನ ಮತ್ತೆ ಹಾಜರಿಗೆ ಬಂದು ನಿಂತಳು. ಮಗನ ಸಾಲು ಅವಳ ಹೆಸರಿಗಾಯಿತು.

ಯುದ್ಧ ಮುಗಿದು ಹಡಗು ಸಿಗಲು ಇನ್ನೊಂದು ವರ್ಷವೇ ಹಿಡಿಯಿತು. ನಾನು ಹೊರಡುವ ದಿನ ಲಾರಿಯ ಹತ್ತಿರ ಅಂಗಮ್ಮ ಬಂದಳು. ಒಂದು ಎಲೆಯಲ್ಲಿ ಬೇಯಿಸಿದ ಗೆಣಸು ಕಟ್ಟಿ ತಂದಿದ್ದಳು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಂತಿದ್ದು, "ಅವನ ಎತ್ತರವೇ ಅವನಿಗೆ ಕೇಡು ತಂದಿತು ಮಾಸ್ಟರ್. ದೊಡ್ಡವನೆಂದು ತಿಳಿದು ಕರೆದುಕೊಂಡು ಹೋದರು" ಎಂದಳು.

ನಾನು, "ಹೌದಮ್ಮಾ" ಎಂದು ಲಾರಿ ಹತ್ತಿದೆ.

ಅರಸೀಕೆರೆಯ ನಿಲ್ದಾಣದಲ್ಲಿ ಇಳಿದಾಗ ನನ್ನ ಗುರುತು ಹಿಡಿದವರು ಯಾರೂ ಇರಲಿಲ್ಲ. ಮಂಡಿಗೆ ಹೋದರೆ ಬೇರೆಯವರ ಹೆಸರಿನ ಹಲಗೆ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಮ್ಮ ಅದಕ್ಕೂ ಮೊದಲೇ. ಗೌರ ಮಾದಿಹಳ್ಳಿಯ ತವರಿನಲ್ಲಿದ್ದಳು. ನಾನು ಅಂಗಳಕ್ಕೆ ಕಾಲಿಟ್ಟಾಗ ಹುಣಸೆಹಣ್ಣು ಕುಟ್ಟುತ್ತಿದ್ದವಳು ತಲೆಯೆತ್ತಿ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ನಿಂತಳು. ಅವಳ ಅಮ್ಮನೇ ಮೊದಲು ಕೂಗಿದ್ದು.

"ಯಾರ್ ಬಂದವ್ರೆ ನೋಡೇ ಗೌರಾ! ನೀರ್ ಕೊಡು, ಯಾಕಂಗೆ ನಿಂತ್ಕಂಡೆ?"

"ಮೂರು ವಾರ ಅಂದಿದ್ರಿ" ಎಂದಳು ಗೌರ. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಹಳೇಬೀಡಿನ ಶಾಲೆಯಲ್ಲಿ ಈ ಸಲ ಕಾಯಂ ಕೆಲಸ ಸಿಕ್ಕಿತು. ಅದೇ ಹತ್ತೂವರೆ, ಅದೇ ನಾಲ್ಕೂವರೆ. ನನ್ನ ಮೈಗೆ ಈಗ ಅದು ಒಗ್ಗಲಿಲ್ಲ. ಮೂರಕ್ಕೇ ಎಚ್ಚರವಾಗುತ್ತಿತ್ತು. ಎದ್ದು ಅಂಗಿ ತೊಟ್ಟುಕೊಂಡು ಲಾಂದ್ರ ಹುಡುಕುತ್ತಿದ್ದೆ. ಆಮೇಲೆ ಎಲ್ಲಿದ್ದೇನೆಂದು ನೆನಪಾಗಿ ಕೆರೆ ಏರಿಯ ಮೇಲೆ ಕೂತು ಬೆಳಗು ಮಾಡುತ್ತಿದ್ದೆ. ಮಧ್ಯಾಹ್ನ ಪಾಠದ ನಡುವೆ ಕಣ್ಣು ಮುಚ್ಚಿಹೋಗುತ್ತಿತ್ತು. ಹೆಡ್ಮಾಸ್ಟರು ನನಗಿಂತ ಚಿಕ್ಕವರು, ಒಳ್ಳೆಯವರು. "ಮೇಷ್ಟ್ರೇ, ಮಕ್ಕಳು ನಗ್ತಾವೆ ಕಣ್ರೀ. ಒಂದ್ಚೂರು ನೋಡ್ಕೊಳ್ಳಿ" ಎಂದು ನನಗೆ ನೋವಾಗದಂತೆ ಹೇಳಿದರು.

ಅವರಿಗೂ ಸಿಟ್ಟು ಬಂದದ್ದು ಮಕ್ಕಳನ್ನು ಸೇರಿಸಿಕೊಳ್ಳುವ ತಿಂಗಳಲ್ಲಿ. ಹಳ್ಳಿಯಿಂದ ಬಂದ ತಂದೆತಾಯಿಗಳಿಗೆ ಮಗು ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. ಮೇಷ್ಟ್ರೇ ಒಂದು ತಾರೀಖು ಹಾಕಿಕೊಳ್ಳುವುದು ಎಲ್ಲ ಕಡೆಯ ರೂಢಿ. ನನ್ನ ಕೈ ಮಾತ್ರ ಏಳಲಿಲ್ಲ. ಆ ಕಾಲಮನ್ನು ಖಾಲಿ ಬಿಟ್ಟು ಮನೆಮನೆಗೆ ಹೋಗಿ ಅಜ್ಜಿಯರನ್ನು, ಸೂಲಗಿತ್ತಿಯರನ್ನು ಕೇಳಿಕೊಂಡು ಬರುತ್ತಿದ್ದೆ. "ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಸ ಕಣಪ್ಪ. ರಾಗಿ ಕುಯ್ಲು ಆಗಿತ್ತು" ಎಂದು ಅವರು ಹೇಳಿದ್ದನ್ನು ಕೂಡಿಸಿ ಕಳೆದು ಲೆಕ್ಕ ಹಾಕುತ್ತಿದ್ದೆ. ತಿಂಗಳು ಮುಗಿದರೂ ಹನ್ನೊಂದು ಹೆಸರುಗಳ ಮುಂದೆ ಏನೂ ಇರಲಿಲ್ಲ. ಬೇಲೂರಿನಿಂದ ಕಾರಣ ಕೇಳಿ ಕಾಗದ ಬಂತು.

"ಯಾವ್ದೋ ಒಂದು ತಾರೀಖು ಬರೆದ್ರೆ ಯಾರ ಗಂಟು ಹೋಗ್ತದ್ರೀ?" ಎಂದರು ಹೆಡ್ಮಾಸ್ಟರು.

ನಾನು ಎಲ್ಲರೆದುರು ಅತ್ತುಬಿಟ್ಟೆ. ಆ ಸುದ್ದಿ ಗೌರಳಿಗೆ ಮುಟ್ಟಿತು.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಎದುರಿಗೆ ಬಂದು ಕೂತಳು. "ಬಂದಾಗಿಂದ ನೋಡ್ತಾ ಇದೀನಿ. ಕೇಳ್ಬಾರ್ದು ಅಂತಿದ್ದೆ. ಅಲ್ಲಿ ಏನಾಯ್ತು ಹೇಳಿ" ಎಂದಳು.

ಹೇಳಿದೆ. ಮೂರನ್ನು ಆರು ಮಾಡಿದ್ದು, ಗುಮಾಸ್ತ ಕೇಳಿದ್ದು, ನಾನು 'ಸರಿ' ಎಂದದ್ದು, ಲಾರಿಯ ಹತ್ತಿರ ಅಂಗಮ್ಮ ಹೇಳಿದ್ದು. ಮುಗಿದ ಮೇಲೆ ಗೌರ ಕೇಳಿದಳು: "ಆ ತಾಯಿಗೆ ಗೊತ್ತಾ, ನೀವು ಸರಿ ಅಂದಿದ್ದು?"

"ಇಲ್ಲ."

"ಹಂಗಾದ್ರೆ ಬರೀರಿ. ಬೈದ್ರೆ ಬೈಲಿ. ಕಾಗ್ದ ಬರದೇ ಇರೋದು ಹೆಂಗಿರ್ತದೆ ಅಂತ ನಂಗೆ ಗೊತ್ತು."

ಬರೆದೆ. ಏನನ್ನೂ ಬಿಡದೆ, ತಮಿಳಿನಲ್ಲಿ, ಎರಡು ಪುಟ. ಅವಳಿಗೆ ಓದಲು ಬಾರದು. ಯಾರಿಂದಲಾದರೂ ಓದಿಸಿಕೊಳ್ಳಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ.

ಉತ್ತರ ಬಂದದ್ದು ನಾಲ್ಕು ತಿಂಗಳ ಮೇಲೆ, ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟು ನಿಂತಿದ್ದಾಗ. ತೋಟಕ್ಕೆ ಹೊಸದಾಗಿ ಬಂದ ಮೇಷ್ಟ್ರು ಅವಳು ಹೇಳಿದಂತೆ ಬರೆದಿದ್ದರು. ಅಲ್ಲೇ ಹೊಸ್ತಿಲ ಹತ್ತಿರ ಕೂತು ಗೌರಳಿಗೆ ಕನ್ನಡದಲ್ಲಿ ಹೇಳುತ್ತ ಓದಿದೆ.

'ಮಾಸ್ಟರಿಗೆ ಅಂಗಮ್ಮ ಮಾಡುವ ನಮಸ್ಕಾರ. ನೀವು ಬರೆದಿದ್ದು ನನಗೆ ಹೊಸದಲ್ಲ. ಆ ದಿನ ನಾನು ಕಚೇರಿಯ ಬಾಗಿಲ ಹೊರಗೇ ನಿಂತಿದ್ದೆ. ಗುಮಾಸ್ತರು ಕೇಳಿದ್ದು ಕೇಳಿಸಿತು, ನೀವು ಹೇಳಿದ್ದೂ ಕೇಳಿಸಿತು. ಒಳಗೆ ಬಂದು, ಅದು ಸುಳ್ಳು, ಬರೆಸಿದವಳು ನಾನೇ ಎಂದು ನಾನಾದರೂ ಹೇಳಬಹುದಾಗಿತ್ತು. ನನಗೂ ಭಯವಾಯಿತು. ನೀವು ಊರಿಗೆ ಹೊರಟ ದಿನ, ನೀವಾಗಿ ಹೇಳುತ್ತೀರೇನೋ ಎಂದು ಲಾರಿಯ ತನಕ ಬಂದೆ. ಹೇಳಿದ್ದರೆ ನಾನೂ ಹೇಳುತ್ತಿದ್ದೆ. ಇಬ್ಬರೂ ಕೂತು ಅವನಿಗಾಗಿ ಒಂದು ಸಲ ಅಳಬಹುದಾಗಿತ್ತು. ಈ ಊರಿನಲ್ಲಿ ಅವನ ನಿಜವಾದ ವಯಸ್ಸು ಗೊತ್ತಿದ್ದವರು ನಾವಿಬ್ಬರೇ ಅಲ್ಲವೇ ಮಾಸ್ಟರ್.'

ಓದಿ ಮುಗಿಸಿದ ಮೇಲೂ ನಾವಿಬ್ಬರೂ ಏಳಲಿಲ್ಲ. ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ಮಕ್ಕಳ ಪ್ರಾರ್ಥನೆಯೂ ಕೇಳಿಸಿ ನಿಂತಿತು. ನನ್ನ ಇಡೀ ನೌಕರಿಯಲ್ಲಿ ಶಾಲೆಗೆ ತಡವಾಗಿ ಹೋದದ್ದು ಅದೊಂದೇ ದಿನ.